ಶೆಟ್ಲಿಯ ತಲೆಯೊಳಗೊಂದು ದೂರದರ್ಶಕ

ಸುಲಿದ ಸಿಪ್ಪೆಯ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಕಸದ ಬುಟ್ಟಿಗೆ ಹಾಕಬೇಕು ಎನ್ನುವಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲಿನಿಂದಲೇ ಕೂಗಿದರು. "ಏ ಮಗಾ, ಬಿಸಾಡ್ಬೇಡ! ರುಚಿ ಇರೂದೇ ಅದ್ರಲ್ಲಿ!"

ಬಾಚಿದ ಕೈ ಹಾಗೇ ಹಿಡಿದುಕೊಂಡು ನಿಂತೆ. ಬೆರಳ ಸಂದಿಯಿಂದ ಉದ್ದುದ್ದ ಮೀಸೆಗಳು ಜೋತಾಡುತ್ತಿದ್ದವು. ಮೆಣಸಿನ ಕಾಳಿನಂಥ ಕಣ್ಣುಗಳು ನನ್ನನ್ನೇ ದಿಟ್ಟಿಸುತ್ತಿದ್ದವು. ದಾವಣಗೆರೆ ಕಡೆಯಿಂದ ಕುಮಟೆಗೆ ಸೊಸೆಯಾಗಿ ಬಂದ ಹೊಸತು. ನಮ್ಮ ಕಡೆ ಮೀನೆಂದರೆ ಕೆರೆ ಮೀನು. ಸಿಗಡಿ ಎಂಬ ಪದವನ್ನು ಪದಬಂಧದಲ್ಲಿ ತುಂಬಿದ್ದೆನೇ ಹೊರತು ಪ್ರಾಣಿಯನ್ನು ಮುಟ್ಟಿದವಳಲ್ಲ. ಇಲ್ಲಿ ನೋಡಿದರೆ ಆ ಹೆಸರೂ ನಡೆಯುವುದಿಲ್ಲ. ಪೇಟೆಯಲ್ಲಿ ಸಿಗಡಿ ಎಂದು ಕೇಳಿದರೆ ಮೀನು ಮಾರುವ ಹೆಂಗಸರು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಶೆಟ್ಲಿ ಎನ್ನಬೇಕು. ತುಳುವರಿಗೆ ಅದೇ ಎಟ್ಟಿ, ಕೊಂಕಣಿಯವರಿಗೆ ಸುಂಗಟ.

ಅಂದು ಆ ಸಿಪ್ಪೆ ಬುಟ್ಟಿಗೆ ಬೀಳಲಿಲ್ಲ. ಬದಲಿಗೆ ನಾನೇ ಅದರೊಳಗೆ ಬಿದ್ದೆ ಎನ್ನಬೇಕು. ಒಂದು ಕಿಲೋ ಶೆಟ್ಲಿ ತಂದು ತಲೆ, ಸಿಪ್ಪೆ, ಕಾಲು ಎಲ್ಲ ತೆಗೆದರೆ ಕೈಗೆ ಸಿಗುವುದು ಅರ್ಧ ಕಿಲೋ ಆಸುಪಾಸು. ಇನ್ನರ್ಧ ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಏನಿದೆ ಎಂದು ಹುಡುಕುತ್ತ ಹೋದವಳು ವರ್ಷಗಟ್ಟಲೆ ಹಿಂದಿರುಗಲೇ ಇಲ್ಲ. ಈಗ ಧೈರ್ಯವಾಗಿ ಹೇಳುತ್ತೇನೆ: ಈ ಪ್ರಾಣಿಯಲ್ಲಿ ಎಲ್ಲಕ್ಕಿಂತ ಸಪ್ಪೆ ಸಂಗತಿ ಅಂದರೆ ನಾವು ತಿನ್ನುವ ಮಾಂಸ. ಸೋಜಿಗವೆಲ್ಲ ನಾವು ಬಿಸಾಡುವ ಅರ್ಧದಲ್ಲಿದೆ.

ಮೊದಲ ಸೋಜಿಗ ಒಂದು ದಾರ.

ಶೆಟ್ಲಿ ಸುಲಿಯುವವರಿಗೆಲ್ಲ ಗೊತ್ತಿರುವ ಆ ಕರಿ ದಾರ, ಬೆನ್ನಿನುದ್ದಕ್ಕೂ ಹೋಗಿರುತ್ತದಲ್ಲ, ಅದನ್ನು "ನರ" ಎನ್ನುತ್ತೇವೆ. "ನರ ತೆಗೆದೆಯಾ?" ಎಂದು ಕೇಳದ ಅತ್ತೆ ಕರಾವಳಿಯಲ್ಲಿ ಯಾರಿದ್ದಾರೆ? ಆದರೆ ಅದು ನರವೂ ಅಲ್ಲ, ರಕ್ತನಾಳವೂ ಅಲ್ಲ. ಅದು ಕರುಳು! ತಲೆಯಲ್ಲಿರುವ ಹೊಟ್ಟೆಯಿಂದ ಹೊರಟು ಬಾಲದ ಬುಡದವರೆಗೆ ನೆಟ್ಟಗೆ ಸಾಗುವ ಕೊಳವೆ. ಕಪ್ಪಗೆ ಕಾಣುವುದು ಅದು ಕೊನೆಯ ಸಲ ತಿಂದ ಊಟ, ಜತೆಗೊಂದಿಷ್ಟು ಕೆಸರು, ಮರಳು. ಹೊಟ್ಟೆ ಖಾಲಿಯಿದ್ದಾಗ ಸಿಕ್ಕಿದ ಶೆಟ್ಲಿಯಲ್ಲಿ ಆ ದಾರ ಕಾಣುವುದೇ ಇಲ್ಲ. "ಇವತ್ತಿನದಕ್ಕೆ ನರವೇ ಇಲ್ಲ, ಒಳ್ಳೇ ಜಾತಿ" ಎಂದು ನಾನೂ ಒಂದು ದಿನ ಬೀಗಿದ್ದೆ. ಪಾಪ, ಅದು ಉಪವಾಸವಿತ್ತು, ಅಷ್ಟೇ.

ಹಾಗಾದರೆ ನಿಜವಾದ ನರ ಎಲ್ಲಿ? ತಿರುಗಿಸಿ ನೋಡಿ. ಹೊಟ್ಟೆಯ ಕಡೆ, ಕಾಲುಗಳ ಸಾಲಿನ ನಡುವೆ, ತೆಳ್ಳಗೆ ಇನ್ನೊಂದು ಗೆರೆ ಇದೆ. ನಮಗೆ ಬೆನ್ನುಹುರಿ ಬೆನ್ನಲ್ಲಿ, ಇದಕ್ಕೆ ಹೊಟ್ಟೆಯಲ್ಲಿ. ಆ ಗೆರೆಯೊಳಗೆ ಓಡುವ ದಪ್ಪ ನರತಂತುಗಳ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಜಪಾನಿನ ಕಡಲಲ್ಲಿ ಸಿಗುವ ಕುರುಮಾ ಎಂಬ ಸಿಗಡಿಯಲ್ಲಿ ವಿಜ್ಞಾನಿಗಳು ಅಳೆದು ನೋಡಿದ್ದಾರೆ: ಸುದ್ದಿ ಸೆಕೆಂಡಿಗೆ 200 ಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಗಂಟೆಯ ಲೆಕ್ಕಕ್ಕೆ ತಂದರೆ 700 ಕಿ.ಮೀ.ಗೂ ಹೆಚ್ಚು! ಮನುಷ್ಯನ ಅತಿ ವೇಗದ ನರದಲ್ಲೂ ಸೆಕೆಂಡಿಗೆ ಸುಮಾರು 120 ಮೀಟರು. ಪ್ರಾಣಿಲೋಕದಲ್ಲಿ ಈವರೆಗೆ ಅಳೆದಿರುವ ನರಗಳಲ್ಲೆಲ್ಲ ವೇಗದ್ದು ಚಿರತೆಯದ್ದಲ್ಲ, ಗಿಡುಗದ್ದಲ್ಲ. ಈ ಶೆಟ್ಲಿ ಕುಲದ್ದು. ಹಾಗೆ ನೋಡಿದರೆ ನಾವು ನೂರಿಪ್ಪತ್ತು ರೂಪಾಯಿಗೆ ಒಂದು ಪಾಲು ಎಂದು ಚೌಕಾಸಿ ಮಾಡುವ ಮಾಂಸ ಏನು? ಆ ನರದ ಆಜ್ಞೆಗೆ ಕಾದು ಕುಳಿತ ಎಂಜಿನ್ನು. ಅಪಾಯ ಕಂಡ ಕ್ಷಣ ಇಡೀ ಹೊಟ್ಟೆಯನ್ನು ಮಡಚಿ, ಬಾಲದ ಬೀಸಣಿಗೆಯಿಂದ ನೀರನ್ನು ಹೊಡೆದು, ಹಿಂದು ಹಿಂದಕ್ಕೆ ಹಾರಿ ಪಾರಾಗುವುದಕ್ಕೆ ಇರುವ ಸ್ನಾಯು ಅದು. ಬಾಣಲೆಯಲ್ಲಿ ಬೆಂದಾಗ ಅದು ಬಾಗುವುದೂ ಆ ಕಡೆಗೇ.

ಇಷ್ಟು ತಿಳಿದ ಮೇಲೆ ಸುಲಿಯುವ ಕೆಲಸವೇ ಬೇರೆಯಾಯಿತು. ನಾನು ಕಲಿತ ಬಗೆ ಹೇಳಿಬಿಡುತ್ತೇನೆ. ತಲೆಯ ತುದಿಯಲ್ಲಿ ಗರಗಸದ ಹಲ್ಲಿರುವ ಒಂದು ಕೊಂಬು ಇರುತ್ತದೆ, ಮೊದಲು ಅದರ ಮರ್ಯಾದೆ ಕಾಪಾಡಿ. ಇಲ್ಲದಿದ್ದರೆ ಹೆಬ್ಬೆರಳಿಗೆ ಹೊಕ್ಕು ಎರಡು ದಿನ ನೆನಪಿಸುತ್ತದೆ. ತಲೆಯನ್ನು ಒಂದು ಕೈಲಿ, ಮೈಯನ್ನು ಇನ್ನೊಂದರಲ್ಲಿ ಹಿಡಿದು ಸಣ್ಣಗೆ ತಿರುಚಿ ಎಳೆದರೆ ತಲೆ ಬರುತ್ತದೆ. ಅದೃಷ್ಟವಿದ್ದರೆ ಅದರ ಹಿಂದೆಯೇ ಕರಿ ದಾರವೂ. ಬರಲಿಲ್ಲವೋ, ಬೆನ್ನು ಸೀಳಲೇಬೇಕೆಂದಿಲ್ಲ. ಎರಡನೆಯ ಮತ್ತು ಮೂರನೆಯ ಬಳೆಯ ಸಂದಿಗೆ ಒಂದು ಹಲ್ಲುಕಡ್ಡಿ ಚುಚ್ಚಿ ಮೆಲ್ಲಗೆ ಮೀಟಿದರೆ ದಾರ ಮೇಲೆದ್ದು ಬರುತ್ತದೆ, ಸೀರೆಯ ಎಳೆ ಹಿಡಿದೆಳೆದ ಹಾಗೆ. ಆಮೇಲೆ ಕಾಲಿನ ಕಡೆಯಿಂದ ಸಿಪ್ಪೆ ಬಿಡಿಸಿ. ಬೆರಳಷ್ಟೇ ಉದ್ದದ ಸಣ್ಣ ಶೆಟ್ಲಿಗೆ ದಾರದ ಚಿಂತೆ ಬೇಡ. ದೊಡ್ಡದರಲ್ಲಿ ತೆಗೆಯಲೇಬೇಕು, ಇಲ್ಲದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ.

ಸುಲಿಯುವ ಮುನ್ನ ಒಂದು ಕ್ಷಣ ನಿಲ್ಲಿಸಿ ಮೈಮೇಲಿನ ಬಳೆಗಳನ್ನು ನೋಡಿ. ಸಮುದ್ರದ ಶೆಟ್ಲಿಯಲ್ಲಿ ಅವು ಮನೆಯ ಹೆಂಚಿನಂತೆ ಒಂದರ ಕೆಳಗೊಂದು ಸಾಲಾಗಿ ಕೂತಿರುತ್ತವೆ. ಹೊಳೆಯ ಸಿಗಡಿಯಲ್ಲಿ ಎರಡನೆಯ ಬಳೆ ಅಗಲವಾಗಿ ಮುಂದಿನದನ್ನೂ ಹಿಂದಿನದನ್ನೂ ಎರಡೂ ಕಡೆ ಮುಚ್ಚಿರುತ್ತದೆ. ನೋಡಲು ಒಂದೇ ಥರ, ಕುಲ ಮಾತ್ರ ಬೇರೆ ಬೇರೆ! ಎರಡನೆಯ ಕುಲದ ತಾಯಿ ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ತಿರುಗುತ್ತಾಳೆ. ಮೊದಲನೆಯದು ಕಡಲಿಗೆ ಚೆಲ್ಲಿ ಹೋಗಿಬಿಡುತ್ತದೆ. ಹಾಗೆ ಚೆಲ್ಲಿದ ಮೊಟ್ಟೆಯಿಂದ ಹೊರಟ ಮರಿಗಳು ಒಂದಾದ ಮೇಲೊಂದು ರೂಪ ಬದಲಿಸುತ್ತ, ಉಬ್ಬರದ ನೀರಿನ ಜತೆ ಅಳಿವೆಯೊಳಗೆ ಬಂದು, ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ನಮ್ಮ ಅಘನಾಶಿನಿಯ ಗಜನಿ ಗದ್ದೆಗಳ ಗುಟ್ಟು ಇದೇ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು, ಅದರ ಬೆನ್ನಿಗೇ ಶೆಟ್ಲಿ. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು.

ತೊಳೆಯುವುದರ ಬಗ್ಗೆ ಒಂದೇ ಮಾತು: ಬೇಗ. ನೀರಿನಲ್ಲಿ ನೆನೆಹಾಕಬೇಡಿ. ಕಡಲಿನ ಉಪ್ಪನ್ನು ಸರಿದೂಗಿಸಲು ಶೆಟ್ಲಿ ತನ್ನ ಮೈಯೊಳಗೆ ಗ್ಲೈಸಿನ್‌ನಂಥ ಅಮೈನೋ ಆಮ್ಲಗಳನ್ನು ತುಂಬಿಕೊಂಡಿರುತ್ತದೆ. ಗ್ಲೈಸಿನ್ ನಾಲಿಗೆಗೆ ಸಿಹಿ. ತಾಜಾ ಶೆಟ್ಲಿಯಲ್ಲಿ ನಾವು ಸವಿಯುವ ಆ ಎಳೆ ಸಿಹಿ ಅದರದ್ದು, ಅದು ನೀರಿಗೆ ಸುಲಭವಾಗಿ ಬಿಟ್ಟುಹೋಗುತ್ತದೆ. ನಾನು ಮೊದಲ ಸಲ ಶುದ್ಧದ ಗೀಳಿನಲ್ಲಿ ಅರ್ಧ ಗಂಟೆ ನೆನೆಹಾಕಿ ನಾಲ್ಕು ನೀರಿನಲ್ಲಿ ತೊಳೆದಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಮಾವ "ಇದು ಯಾವ ತರಕಾರಿ?" ಎಂದು ಕೇಳಿದರು.

ಈಗ ತಲೆಗೆ ಬನ್ನಿ. ನಿಜವಾಗಿ ಅದು ತಲೆ ಮತ್ತು ಎದೆ ಎರಡೂ ಒಂದೇ ಚಿಪ್ಪಿನೊಳಗೆ ಬೆಸೆದುಕೊಂಡ ಕೋಣೆ. ಹೃದಯ ಅಲ್ಲೇ ಇದೆ. ಅದು ದೂಡುವ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ. ಆಮ್ಲಜನಕ ಕೂಡಿದಾಗ ಬಣ್ಣ ನಸುನೀಲಿ. ಹೊಟ್ಟೆಯೂ ಅಲ್ಲೇ, ಹೊಟ್ಟೆಯೊಳಗೆ ಹಲ್ಲುಗಳೂ ಅಲ್ಲೇ! ಬಾಯಿಯಲ್ಲಿ ಅರೆದದ್ದು ಸಾಲದೆಂದು ಹೊಟ್ಟೆಯಲ್ಲಿ ಇನ್ನೊಂದು ಗಿರಣಿ. ಬೆಳೆಯುವುದಕ್ಕೆ ಶೆಟ್ಲಿ ಮತ್ತೆ ಮತ್ತೆ ಸಿಪ್ಪೆ ಕಳಚುತ್ತದೆ ಎಂದು ಗೊತ್ತಿತ್ತು. ಆದರೆ ಹೊರಗಿನ ಸಿಪ್ಪೆಯ ಜತೆ ಆ ಹೊಟ್ಟೆಯ ಒಳಪದರವನ್ನೂ ಅದರ ಹಲ್ಲುಗಳನ್ನೂ ಕಳಚಿ ಹೊಸದು ತೊಡುತ್ತದೆ ಎಂದು ಯಾರಾದರೂ ಕನಸಿನಲ್ಲಾದರೂ ಊಹಿಸುತ್ತಾರೆಯೇ? ಅಂಗಿ ಬಿಚ್ಚುವಾಗ ಹಲ್ಲು, ಹೊಟ್ಟೆಯ ಅಸ್ತರಿ ಎಲ್ಲ ಸೇರಿ ಬಂದ ಹಾಗೆ.

ತಲೆಯಲ್ಲಿರುವ ಕಿತ್ತಳೆ ಬಣ್ಣದ ಮೆತ್ತನೆಯ ಮುದ್ದೆಯನ್ನು ಎಷ್ಟೋ ಮಂದಿ ಹೊಲಸೆಂದು ತೊಳೆದು ಬಿಡುತ್ತಾರೆ. ಅದು ನಮ್ಮ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿ ಎರಡರ ಕೆಲಸವನ್ನೂ ಒಟ್ಟಿಗೇ ಮಾಡುವ ಅಂಗ. ಕೊಬ್ಬು ಅಲ್ಲಿ, ರುಚಿ ಅಲ್ಲಿ, ಜೀರ್ಣಿಸುವ ಕಿಣ್ವಗಳ ದಾಸ್ತಾನೂ ಅಲ್ಲೇ. ಶೆಟ್ಲಿ ಸತ್ತಿತೆಂದು ಆ ಕಿಣ್ವಗಳಿಗೆ ತಿಳಿಯುವುದಿಲ್ಲ ನೋಡಿ, ಅವು ತಮ್ಮ ಕೆಲಸ ಮುಂದುವರಿಸುತ್ತವೆ. ಊಟವಿಲ್ಲದಿದ್ದರೆ ಯಜಮಾನನ ಮೈಯನ್ನೇ ಜೀರ್ಣಿಸತೊಡಗುತ್ತವೆ! ತಲೆಯೊಂದಿಗೆ ಇಟ್ಟ ಶೆಟ್ಲಿ ಕುತ್ತಿಗೆಯ ಬಳಿ ಮೊದಲು ಹಿಟ್ಟಾಗುವುದು ಇದರಿಂದ. ಎರಡು ಕಿಲೋ ಸುಲಿದ ದಿನ ನನ್ನ ಬೆರಳ ತುದಿಯ ಚರ್ಮ ಉರಿದು ಸಿಪ್ಪೆ ಎದ್ದದ್ದೂ ಇದೇ ರಸದ ಉಪಕಾರ. ಪೀಲಿಂಗ್ ಶೆಡ್ಡುಗಳಲ್ಲಿ ದಿನವಿಡೀ ಸುಲಿಯುವ ಹೆಂಗಸರ ಬೆರಳು ನೆನೆದರೆ ಸಂಕಟವಾಗುತ್ತದೆ. ತಲೆ ಕಪ್ಪಾಗುವುದು ಇನ್ನೊಂದು ಕತೆ. ಬದನೆಕಾಯಿ, ಬಾಳೆದಿಂಡು ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಅದೇ ಬಗೆಯ ಕಿಣ್ವ ಇಲ್ಲೂ ಇದೆ. ಕಡಲಿನ ಪ್ರಾಣಿಗೂ ಹಿತ್ತಲಿನ ಬದನೆಗೂ ಒಂದೇ ಖಾಯಿಲೆ. ಮಂಜುಗಡ್ಡೆಯಲ್ಲಿ ಅದು ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ.

ಆ ಕಣ್ಣುಗಳ ವಿಷಯಕ್ಕೆ ಬರುತ್ತೇನೆ, ಅಂದು ಕೈಯಲ್ಲಿ ಹಿಡಿದಾಗ ನನ್ನನ್ನು ದಿಟ್ಟಿಸುತ್ತಿದ್ದವಲ್ಲ, ಅವು. ಜೇನುನೊಣದ ಕಣ್ಣು ಸಾವಿರಾರು ಪುಟ್ಟ ಮಸೂರಗಳ ಜೋಡಣೆ, ಪ್ರತಿಯೊಂದೂ ಆರು ಮೂಲೆಯದು, ಜೇನುಹಟ್ಟಿಯಂತೆಯೇ. ಶೆಟ್ಲಿಯ ಕಣ್ಣನ್ನು ದೊಡ್ಡದು ಮಾಡಿ ನೋಡಿದರೆ ಕಾಣುವುದು ಪಕ್ಕಾ ಚೌಕಗಳು! ಗ್ರಾಫ್ ಹಾಳೆಯಂತೆ. ನಿಸರ್ಗದಲ್ಲಿ ಇಷ್ಟು ಕರಾರುವಾಕ್ಕಾದ ಚೌಕ ಅಪರೂಪ, ಇದೇಕೆ ಹೀಗೆ? ಉತ್ತರ ಸಿಕ್ಕಿದ್ದು 1970ರ ದಶಕದಲ್ಲಿ. 1975ರಲ್ಲಿ ಕ್ಲಾಸ್ ವೋಗ್ಟ್ ಸಿಹಿನೀರಿನ ಕ್ರೇಫಿಶ್‌ನಲ್ಲಿ, ಮರುವರ್ಷ ಮೈಕೆಲ್ ಲ್ಯಾಂಡ್ ಆಳಕಡಲ ಸಿಗಡಿಗಳಲ್ಲಿ ಕಂಡುಕೊಂಡರು: ಈ ಕಣ್ಣು ಮಸೂರದಿಂದ ಬೆಳಕನ್ನು ಬಗ್ಗಿಸಿ ಚಿತ್ರ ಕಟ್ಟುವುದಿಲ್ಲ. ಪ್ರತಿ ಚೌಕವೂ ನಾಲ್ಕು ಗೋಡೆಗೂ ಕನ್ನಡಿ ಹಾಕಿದ ಪುಟ್ಟ ಡಬ್ಬಿ. ಬೆಳಕು ಗೋಡೆಗೆ ಬಡಿದು, ಪುಟಿದು, ಒಂದೇ ಕಡೆ ಕೂಡುತ್ತದೆ. ಅಲ್ಲಿಗೇ ನಿಲ್ಲಲಿಲ್ಲ. ಎಕ್ಸ್-ಕಿರಣಗಳನ್ನು ಮಸೂರದಿಂದ ಬಗ್ಗಿಸಲು ಆಗದೆ ಪರದಾಡುತ್ತಿದ್ದ ಖಗೋಳ ವಿಜ್ಞಾನಿಗಳಿಗೆ 1979ರಲ್ಲಿ ರೋಜರ್ ಏಂಜೆಲ್ ಒಂದು ದಾರಿ ತೋರಿಸಿದರು: ಈ ಕನ್ನಡಿ ಕಣ್ಣನ್ನೇ ನಕಲು ಮಾಡೋಣ. ಲಾಬ್‌ಸ್ಟರ್‌ಗೂ ಶೆಟ್ಲಿಗೂ ಇರುವುದು ಒಂದೇ ಬಗೆಯ ಕಣ್ಣು. ಹೆಸರು ಮಾತ್ರ ದೊಡ್ಡಣ್ಣನದ್ದಾಯಿತು, "ಲಾಬ್‌ಸ್ಟರ್ ಕಣ್ಣು". ಚೀನಾ 2024ರ ಜನವರಿ 9ರಂದು ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಎಂಬ ದೂರದರ್ಶಕ ಅಂಥ ಕಣ್ಣಿನಿಂದಲೇ ಆಕಾಶದ ಸ್ಫೋಟಗಳನ್ನು ಹುಡುಕುತ್ತಿದೆ. ಕುಮಟೆಯ ಮೀನುಪೇಟೆಯ ಬುಟ್ಟಿಯಲ್ಲಿ, ಐಸಿನ ಕೆಳಗೆ, ಒಂದೊಂದು ಪಾಲಿನಲ್ಲೂ ಇಂಥ ನಲವತ್ತು ಐವತ್ತು ದೂರದರ್ಶಕಗಳು!

ಇನ್ನೊಂದು ಹೇಳದೆ ಮುಂದೆ ಹೋಗಲಾರೆ. ಮೀಸೆಯ ಬುಡದಲ್ಲಿ ಶೆಟ್ಲಿ ಕುಲದವರಿಗೆ ಒಂದು ಪುಟ್ಟ ಚೀಲವಿರುತ್ತದೆ. ಅದರೊಳಗಿನ ಕಾಳು ಯಾವ ಕಡೆ ಒತ್ತುತ್ತದೆ ಎಂಬುದರಿಂದ ಮೇಲು ಯಾವುದು ಕೆಳಗೆ ಯಾವುದು ಎಂದು ಪ್ರಾಣಿಗೆ ತಿಳಿಯುತ್ತದೆ. ಪಲೇಮಾನ್ ಎಂಬ ಸಿಗಡಿಯಲ್ಲಿ ಸಿಪ್ಪೆ ಕಳಚಿದಾಗ ಈ ಚೀಲದ ಪದರವೂ ಕಾಳೂ ಹೋಗಿಬಿಡುತ್ತವೆ. ಅದು ಹೊಸ ಮರಳಿನ ಕಣ ಎತ್ತಿ ತುಂಬಿಕೊಳ್ಳುತ್ತದೆ. 1893ರಲ್ಲಿ ವಿಯೆನ್ನಾದ ಅಲೋಯಿಸ್ ಕ್ರೈಡಲ್ ಎಂಬ ತುಂಟ ವಿಜ್ಞಾನಿ ಏನು ಮಾಡಿದ ಗೊತ್ತೇ? ತೊಟ್ಟಿಯಲ್ಲಿ ಮರಳಿಗೆ ಬದಲಾಗಿ ಕಬ್ಬಿಣದ ಪುಡಿ ಹಾಕಿದ. ಪಾಪದ ಪ್ರಾಣಿ ಅದನ್ನೇ ತುಂಬಿಕೊಂಡಿತು. ಆಮೇಲೆ ಅವನು ಮೇಲಿನಿಂದ ಅಯಸ್ಕಾಂತ ಹಿಡಿದ. ಸಿಗಡಿ ಅಂಗಾತ ತಿರುಗಿ ತಲೆಕೆಳಗಾಗಿ ಈಜತೊಡಗಿತು! ಭೂಮಿ ಮೇಲಿದೆ ಎಂದು ಅದಕ್ಕೆ ಅನಿಸಿತ್ತು.

ಸರಿ, ಒಲೆ ಹಚ್ಚೋಣ.

ಬಾಣಲೆಗೆ ತೆಂಗಿನೆಣ್ಣೆ. ಎರಡು ಚಮಚ ಸಾಲದು, ನಾಲ್ಕು ಹಾಕಿ. ತೊಳೆದು ಚೆನ್ನಾಗಿ ನೀರು ಬಸಿದ ಸಿಪ್ಪೆ, ತಲೆ ಎಲ್ಲ ಅದಕ್ಕೆ. ನೀರು ಉಳಿದಿದ್ದರೆ ಎಣ್ಣೆ ಸಿಡಿದು ಕೈ ಸುಡುತ್ತದೆ, ಎಚ್ಚರ. ಈಗ ಕಣ್ಣು ಬಿಟ್ಟು ನೋಡಿ. ಬೂದು, ನೀಲಿ, ಹಸಿರು ಬೆರೆತಂತಿದ್ದ ಆ ರಾಶಿ ಅರೆ ನಿಮಿಷದಲ್ಲಿ ಅಂಚಿನಿಂದ ಕೆಂಪಾಗುತ್ತ, ಕೆಂಪು ಒಳಗೊಳಗೆ ಹರಡುತ್ತ, ಸಂಜೆಯ ಕಡಲಿನಂತೆ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಬಣ್ಣ ಎಲ್ಲಿಂದ ಬಂತು? ಬರಲಿಲ್ಲ, ಅಲ್ಲೇ ಇತ್ತು. ಆಸ್ಟಾಜಾಂಥಿನ್ ಎಂಬ ಆ ಕೆಂಪನ್ನು ಒಂದು ಪ್ರೋಟೀನು ಬಿಗಿಯಾಗಿ ಅಪ್ಪಿ ಹಿಡಿದು ನೀಲಿಯಾಗಿ ತೋರುವಂತೆ ಮಾಡಿತ್ತು. ಬಿಸಿ ತಾಗಿದ್ದೇ ಪ್ರೋಟೀನಿನ ಹಿಡಿತ ಸಡಿಲ, ಕೆಂಪು ಬಯಲು. ಈ ಬಣ್ಣವನ್ನು ಶೆಟ್ಲಿ ಮೂಲದಿಂದ ತಾನೇ ಮಾಡಿಕೊಳ್ಳಲಾರದು. ಪಾಚಿಯಿಂದ ಶುರುವಾದ ಊಟದ ಸರಪಳಿಯಲ್ಲಿ ಅದಕ್ಕೆ ಬರುತ್ತದೆ. ಸಾಲ್ಮನ್ ಮೀನಿನ ಮಾಂಸದ ಬಣ್ಣ ಇದೇ, ಫ್ಲೆಮಿಂಗೋ ಹಕ್ಕಿಯ ಗುಲಾಬಿ ರೆಕ್ಕೆಯೂ ಇದೇ ಮನೆತನದ್ದು.

ಮುಖ್ಯ ವಿಷಯ ಇನ್ನೊಂದಿದೆ. ಆ ಕೆಂಪು ಕರಗುವುದು ಎಣ್ಣೆಯಲ್ಲಿ. ಸಿಪ್ಪೆಯನ್ನು ಬರೀ ನೀರಿಗೆ ಹಾಕಿ ಕುದಿಸಿದರೆ ಸಿಗುವುದು ಮಸುಕು ನೀರು. ಮೊದಲು ಎಣ್ಣೆಯಲ್ಲಿ ಹುರಿದರೆ ಎಣ್ಣೆಯೇ ಕುಂಕುಮದಂತಾಗುತ್ತದೆ. ಅತ್ತೆಗೆ ಈ ರಸಾಯನಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಸಿಪ್ಪೆಯನ್ನು ಹುರಿಯದೆ ನೀರು ಹಾಕಿದ್ದನ್ನು ನಾನು ಅವರ ಒಲೆಯ ಮೇಲೆ ಒಂದು ದಿನವೂ ಕಂಡಿಲ್ಲ.

ಸಿಪ್ಪೆ ಗರಿಗರಿಯಾಗಿ ಹುರಿದ ಕಡಲೆಯಂಥ ಪರಿಮಳ ಬಂದಾಗ ಜಜ್ಜಿದ ನಾಲ್ಕೆಸಳು ಬೆಳ್ಳುಳ್ಳಿ, ಒಂದು ಈರುಳ್ಳಿ. ಸೌಟಿನ ಹಿಂಬದಿಯಿಂದ ತಲೆಗಳನ್ನು ಒತ್ತಿ, ಒಳಗಿನ ಕಿತ್ತಳೆ ಮುದ್ದೆ ಹೊರಬಂದು ಎಣ್ಣೆಗೆ ಬೆರೆಯಲಿ. ಮುಳುಗುವಷ್ಟು ನೀರು. ಇಪ್ಪತ್ತು ನಿಮಿಷ ಸಣ್ಣ ಕುದಿ, ಹೆಚ್ಚೆಂದರೆ ಇಪ್ಪತ್ತೈದು. ಮಟನ್ ಎಲುಬಿನಂತೆ ಗಂಟೆಗಟ್ಟಲೆ ಕುದಿಸಿದರೆ ಕಹಿ ಬರುತ್ತದೆ. ನನ್ನ ಬಯಲುಸೀಮೆಯ ಬುದ್ಧಿ ಒಂದೆರಡು ಸಲ ಆ ತಪ್ಪು ಮಾಡಿಸಿತು. ಆಮೇಲೆ ಸೋಸಿ, ಚೆನ್ನಾಗಿ ಹಿಂಡಿ.

ಆ ಸೋಸಿದ ರಸದಿಂದ ಮಾಡಿದ ಸಾರು ಉಂಡವರಿಗೆ ಬರೀ ನೀರು ಹಾಕಿ ಮಾಡಿದ್ದು ಇನ್ನು ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಕಾಯಿ, ಒಣಮೆಣಸು, ಕೊತ್ತಂಬರಿ, ಅರಿಸಿನ ನುಣ್ಣಗೆ ರುಬ್ಬಿ, ಆ ರಸದಲ್ಲಿ ಕದಡಿ, ಕಾಲಕ್ಕೆ ತಕ್ಕ ಹುಳಿ ಹಾಕುತ್ತಾರೆ. ಅಮಟೆಕಾಯಿ ಇದ್ದರೆ ಅಮಟೆ, ಇಲ್ಲವಾದರೆ ಬಿಂಬಲಕಾಯಿ ಅಥವಾ ಎಳೆ ಮಾವು. ಮೂಲಂಗಿ, ನುಗ್ಗೆಕಾಯಿ ಜತೆಗಿದ್ದರೆ ಇನ್ನೂ ಸೈ. ಸಾರು ಕುದಿ ಬಂದ ಮೇಲೆ ಸುಲಿದ ಶೆಟ್ಲಿ ಹಾಕಿ ಎರಡು ಮೂರು ನಿಮಿಷ, ಅಷ್ಟೇ. ಕೊಕ್ಕೆಯಂತೆ ಬಾಗಿದ್ದರೆ ಹದ. ಉಂಗುರದಂತೆ ಸುತ್ತಿಕೊಂಡಿತೋ ರಬ್ಬರಾಯಿತು. ತುದಿಗೆ ಒಗ್ಗರಣೆ ಬೇಡ, ಬೇಕಾದರೆ ಹಸಿ ತೆಂಗಿನೆಣ್ಣೆ ಒಂದು ಚಮಚ.

ಸಿಪ್ಪೆಯ ಮೋಹ ನಮ್ಮವರದ್ದೊಂದೇ ಅಂದುಕೊಂಡಿದ್ದೆ. ಫ್ರೆಂಚರ ಬಿಸ್ಕ್ ಎಂಬ ಸೂಪಿನ ಜೀವವೂ ಹುರಿದ ಸಿಪ್ಪೆಯೇ. ಪೆನಾಂಗ್‌ನ ಬೀದಿಗಳಲ್ಲಿ ಸಿಗಡಿ ನೂಡಲ್ಸಿನ ಸಾರು ಕೆಂಪಗಾಗುವುದು ತಲೆಗಳಿಂದ. ಜಪಾನೀಯರು ಮೈಯನ್ನು ಹಸಿಯಾಗಿ ತಿಂದು ತಲೆಯನ್ನು ಎಣ್ಣೆಯಲ್ಲಿ ಕರಿದು ಕುರುಕುತ್ತಾರೆ. ನಮ್ಮ ಒಣ ಶೆಟ್ಲಿ ಚಟ್ನಿ ನೆನಪಿಸಿಕೊಳ್ಳಿ: ಅಕ್ಕಿ ಕಾಳಿನಷ್ಟು ಸಣ್ಣದಕ್ಕೆ ಯಾರು ಸಿಪ್ಪೆ ಸುಲಿಯುತ್ತಾರೆ? ಕಣ್ಣು, ಮೀಸೆ, ಕಾಲು, ಕರುಳು ಎಲ್ಲ ಸಮೇತ ಹುರಿದು, ಕಾಯಿ, ಮೆಣಸು, ಹುಳಿ ಸೇರಿಸಿ ಕುಟ್ಟಿ ಗಂಜಿಗೆ ನೆಂಚಿಕೊಂಡರೆ ಮುಗಿಯಿತು. ದೊಡ್ಡ ಶೆಟ್ಲಿಯ ಸಿಪ್ಪೆಯನ್ನೂ ಹಾಗೆಯೇ ಒಲೆಯ ಸಣ್ಣ ಉರಿಯಲ್ಲಿ ಗರಿಗರಿ ಮಾಡಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು ಇಟ್ಟುಕೊಳ್ಳುತ್ತೇನೆ. ಪಲ್ಯದ ಮೇಲೆ ಒಂದು ಚಿಟಿಕೆ ಉದುರಿಸಿದರೆ ಸಾಕು, ಹಲಸಿನಕಾಯಿಗೂ ಕಡಲ ನೆನಪಾಗುತ್ತದೆ.

ಎರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ತಲೆಯ ಆ ಮುದ್ದೆ ನೀರಿನಲ್ಲಿರುವ ಭಾರಲೋಹಗಳನ್ನೂ ಕೂಡಿಟ್ಟುಕೊಳ್ಳುತ್ತದೆ. ಕಾರ್ಖಾನೆಯ ಹೊಲಸು ಬೀಳುವ ನೀರಿನದ್ದಾದರೆ ತಲೆಯ ಆಸೆ ಬಿಡಿ. ಇನ್ನು ಸಿಗಡಿ ಅಲರ್ಜಿ ಇರುವವರಿಗೆ ಸಿಪ್ಪೆಯ ರಸವೂ ಬೇಡವೇ ಬೇಡ. ಅಲರ್ಜಿ ತರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಕುದಿಸಿದರೂ ಜಗ್ಗುವುದಿಲ್ಲ. ಇದರ ದಾಯಾದಿಗಳು ಎಲ್ಲೆಲ್ಲಿದ್ದಾರೆ ಗೊತ್ತೇ? ಜಿರಳೆಯಲ್ಲಿ, ಹಾಸಿಗೆಯ ಧೂಳಿನ ನುಸಿಯಲ್ಲಿ! ಧೂಳಿನ ಅಲರ್ಜಿ ಇರುವ ಕೆಲವರಿಗೆ ಸಿಗಡಿಯೂ ಆಗದಿರುವುದರ ಹಿಂದೆ ಈ ನೆಂಟಸ್ತಿಕೆ ಇದೆ.

ಹಿಂಡಿದ ಮೇಲೂ ಉಳಿಯುವ ಚರಟವನ್ನು ಬಿಸಾಡಬಹುದಲ್ಲ ಎಂದಿರಾ? ತಡೆಯಿರಿ. ಒಂದಿಷ್ಟು ಸಿಪ್ಪೆಯನ್ನು ತೊಳೆದು ಗಾಜಿನ ಲೋಟದಲ್ಲಿ ಹಾಕಿ ಬಿಳಿ ವಿನೆಗರ್ ಸುರಿದು ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಸಿಪ್ಪೆಯೊಳಗಿನ ಸುಣ್ಣ ಕರಗುತ್ತಿದೆ. ಮಾರನೆಯ ಬೆಳಿಗ್ಗೆ ತೆಗೆದರೆ ಗರಿಗರಿ ಎನ್ನುತ್ತಿದ್ದದ್ದು ನೆನೆದ ಹಾಳೆಯಂತೆ ಮೆತ್ತಗೆ ಬಾಗುತ್ತದೆ. ಉಳಿದ ಆ ಹಾಳೆಯಲ್ಲಿ ಪ್ರೋಟೀನಿನ ಜತೆ ಇರುವುದು ಕೈಟಿನ್. ಸಸ್ಯಲೋಕದ ಸೆಲ್ಯುಲೋಸ್ ಬಿಟ್ಟರೆ ಭೂಮಿಯ ಮೇಲೆ ಅತಿ ಹೇರಳವಾಗಿ ಸಿಗುವ ಇಂಥ ವಸ್ತು ಇದೇ ಎನ್ನುತ್ತಾರೆ. ಅದನ್ನು ಮೊದಲು ಕಂಡದ್ದು ಎಲ್ಲಿ ಎಂದರೆ ಅಣಬೆಯಲ್ಲಿ! 1811ರಲ್ಲಿ ಫ್ರಾನ್ಸಿನ ಆಂರಿ ಬ್ರಾಕೊನೊ ಕಂಡುಹಿಡಿದರು. 1823ರಲ್ಲಿ ಓಡಿಯೆ ಎಂಬವರು ದುಂಬಿಯ ರೆಕ್ಕೆಯ ಕವಚದಲ್ಲೂ ಕಂಡು, ಅಂಗಿ ಎಂಬ ಅರ್ಥದ ಗ್ರೀಕ್ ಪದದಿಂದ ಕೈಟಿನ್ ಎಂದು ಹೆಸರಿಟ್ಟರು. ಮಳೆಗಾಲದ ಅಣಬೆ, ದೀಪಕ್ಕೆ ಬಂದು ಬಡಿಯುವ ದುಂಬಿ, ಬಾಣಲೆಯ ಶೆಟ್ಲಿ, ಮೂವರಿಗೂ ಒಬ್ಬನೇ ದರ್ಜಿ.

1859ರಲ್ಲಿ ಶಾರ್ಲ್ ರೂಜೆ ಕೈಟಿನ್ನನ್ನು ತೀಕ್ಷ್ಣ ಕ್ಷಾರದಲ್ಲಿ ಕುದಿಸಿದಾಗ ಅದು ಬೇರೆಯೇ ವಸ್ತುವಾಯಿತು. ಅದೇ ಇಂದಿನ ಕೈಟೊಸಾನ್. ಅದಕ್ಕೆ ಧನ ವಿದ್ಯುದಂಶ. ನಮ್ಮ ಕೆಂಪು ರಕ್ತಕಣದ ಹೊರಮೈಗೆ ಋಣ. ಗಾಯಕ್ಕೆ ಒತ್ತಿದರೆ ಕಣಗಳು ಬಂದು ಅಂಟಿ, ಹೆಪ್ಪಾಗಿ, ರಕ್ತ ನಿಲ್ಲುತ್ತದೆ. 2000ರ ದಶಕದ ಆರಂಭದಲ್ಲಿ ಅಮೆರಿಕದ ಸೈನಿಕರು ಯುದ್ಧಭೂಮಿಗೆ ಒಯ್ದ ಪಟ್ಟಿಗಳಲ್ಲಿ ಸಿಗಡಿ ಸಿಪ್ಪೆಯಿಂದ ತಯಾರಾದ ಕೈಟೊಸಾನ್ ಇತ್ತು. ನಾನು ಸಿಂಕಿನಿಂದ ಬಾಚಿ ಬಿಸಾಡಲು ಹೊರಟಿದ್ದ ಅದೇ ಸಿಪ್ಪೆ!

ಲೆಕ್ಕಕ್ಕೆ ಕೂತರೆ ತಲೆ ತಿರುಗುತ್ತದೆ. ಏಡಿ, ಸಿಗಡಿ, ಲಾಬ್‌ಸ್ಟರ್‌ಗಳ ಸಿಪ್ಪೆ ಜಗತ್ತಿನಲ್ಲಿ ವರ್ಷಕ್ಕೆ 60ರಿಂದ 80 ಲಕ್ಷ ಟನ್ ಕಸವಾಗುತ್ತದೆ ಎಂದು 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳು ಬರೆದರು. ಭಾರತವೊಂದೇ 2023-24ರಲ್ಲಿ 7 ಲಕ್ಷ ಟನ್ನಿಗೂ ಹೆಚ್ಚು ಶೀತಲೀಕರಿಸಿದ ಸಿಗಡಿ ರಫ್ತು ಮಾಡಿತು; ಬಹುಪಾಲು 2009ರಲ್ಲಿ ದೇಶಕ್ಕೆ ಬಂದ ವನ್ನಾಮಿ ಎಂಬ ಪೆಸಿಫಿಕ್ ತಳಿ. 1957ರಲ್ಲಿ ಶುರುವಾದ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಪ್ಪೆಯಿಂದ ಕೈಟಿನ್, ಕೈಟೊಸಾನ್ ತೆಗೆಯುವ ವಿಧಾನಗಳನ್ನು ದಶಕಗಳಿಂದ ರೂಪಿಸುತ್ತ ಬಂದಿದೆ. ನನ್ನ ಅಡುಗೆಮನೆಗೆ ಅಷ್ಟು ದೂರದ ದಾರಿ ಬೇಕಿಲ್ಲ. ಹಿತ್ತಲಲ್ಲಿ ಕರಿಬೇವಿನ ಗಿಡವಿದೆ.

ಮದುವೆಯಾಗಿ ಬಂದಾಗ ಅದು ಸೊಂಟದೆತ್ತರವಿತ್ತು. ಚರಟವನ್ನು ಅದರ ಬುಡದಿಂದ ಒಂದು ಮೊಳ ದೂರದಲ್ಲಿ, ಬೆಕ್ಕು ಕೆದಕದಷ್ಟು ಆಳಕ್ಕೆ ಹೂಳುತ್ತೇವೆ. ಮಣ್ಣಿನಲ್ಲಿ ಕೈಟಿನ್ ತಿನ್ನುವ ಸೂಕ್ಷ್ಮಜೀವಿಗಳಿಗೆ ಅದು ಹಬ್ಬ. ಹಾಗೆ ಹೆಚ್ಚಿದ ಅವು ಕೈಟಿನ್ ಅರಸುತ್ತ ಬೇರಿಗೆ ಕಾಟ ಕೊಡುವ ಶಿಲೀಂಧ್ರದ ಗೋಡೆಗೂ ದುಂಡುಹುಳುವಿನ ಮೊಟ್ಟೆಯ ಕವಚಕ್ಕೂ ಬಾಯಿ ಹಾಕುತ್ತವೆ, ಏಕೆಂದರೆ ಅವೂ ಅದೇ ಬಟ್ಟೆ ತೊಟ್ಟವು. ಗಿಡ ಈಗ ಹೆಂಚು ಮುಟ್ಟಿದೆ.

ಶೆಟ್ಲಿ ತಂದರೆ ಸಿಪ್ಪೆಯ ಕೆಲಸ ಆ ದಿನವೇ ಮುಗಿಸಿ. ಮಾಂಸ ಫ್ರಿಜ್ಜಿನಲ್ಲಿ ಮರುದಿನದವರೆಗೂ ಕಾಯುತ್ತದೆ, ತಲೆ ಕಾಯುವುದಿಲ್ಲ.